ಊರಿಗೆಲ್ಲ ಸೊಪ್ಪಿನ ಪಾಠ, ಮನೆಯಲ್ಲಿ ಅತ್ತೆಯ ಹೊಗೆಸೊಪ್ಪು

ನನ್ನ ನೌಕರಿಯಲ್ಲಿ ಸಂಬಳ ತಿಂಗಳಿಗೊಮ್ಮೆ, ಫಜೀತಿ ವಾರಕ್ಕೊಮ್ಮೆ. ಒಂದು ಮುಗೀತಪ್ಪ ಅಂತ ಸೆರಗಿನಿಂದ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಎದುರಿಗೆ ಬಂದು ನಿಂತಿರುತ್ತಿತ್ತು. ಬೇರೆಯವರಿಗೆ ಹೇಳಿದರೆ, "ನಿಮಗೇ ಯಾಕ್ರೀ ಹಿಂಗೆಲ್ಲ ಆಗೋದು?" ಅನ್ನೋರು. ನನಗೇನು ಗೊತ್ತು, ಆಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ನಾನು ಮಂಡ್ಯದಲ್ಲಿ ಆರೋಗ್ಯ ಶಿಕ್ಷಕಿ. ಜೀಪಿನಲ್ಲಿ, ಜೀಪು ಕೈಕೊಟ್ಟ ದಿನ ಬಸ್ಸಿನಲ್ಲಿ, ಹಳ್ಳಿ ಹಳ್ಳಿಗೆ ಹೋಗಿ, ಕ್ಯಾನ್ಸರ್ ಹತ್ತಿರ ಸುಳಿಯದ ಹಾಗೆ ಏನು ತಿನ್ನಬೇಕು, ಏನು ಬಿಡಬೇಕು ಅಂತ ಹೇಳುವುದು ನನ್ನ ಕೆಲಸ. ಸೊಪ್ಪು, ತರಕಾರಿ, ಸೀಬೆ, ಪರಂಗಿ, ನೆಲ್ಲಿಕಾಯಿ, ಬೆಳ್ಳುಳ್ಳಿ, ಅರಿಶಿನ, ಇವುಗಳಲ್ಲೆಲ್ಲ ಮೈ ಕಾಯುವ ಸತ್ವಗಳಿವೆ, ದಿನಾ ತಿನ್ನಿ. ಹೊಗೆಸೊಪ್ಪು, ಬೀಡಿ ಬಿಡಿ. ಬಾಯಲ್ಲಿ ಮಾಯದ ಹುಣ್ಣಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ. ಈ ಪಾಠವನ್ನು ನಾನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದೆ.

ಆದರೆ ನೋಡಿ, ನಮ್ಮ ಮನೆಯಲ್ಲೇ, ನಮ್ಮ ಅತ್ತೆಯ ನಾಲಗೆಯ ಅಂಚಿನಲ್ಲೇ, ಮಾಯದ ಒಂದು ಹುಣ್ಣಿತ್ತು. ಅವರು ದಿನಾ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳೋರು. ಡಾಕ್ಟರಿಗೆ ತೋರಿಸೋಣ ಅಂದರೆ ಬಾಯಿ ಬಿಗಿದುಕೊಂಡು ಕೂರೋರು. ಆ ದಿನಗಳಲ್ಲಿ ನಾನು ಎಷ್ಟೇ ನಕ್ಕರೂ ಎದೆಯ ಮೇಲೆ ಈ ಒಂದು ಕಲ್ಲು ಇದ್ದೇ ಇತ್ತು. ಈಗ ಹೇಳುವ ಪ್ರಸಂಗಗಳೆಲ್ಲ ಆ ಕಲ್ಲು ಹೊತ್ತುಕೊಂಡೇ ನಡೆದವು.

೧. ತಟ್ಟೆಯಲ್ಲಿ ಅರಿಶಿನ

ಬರೀ ಬಾಯಲ್ಲಿ ಹೇಳಿದರೆ ಜನ ಆಕಳಿಸುತ್ತಾರೆ, ಪದಾರ್ಥಗಳನ್ನೇ ತೋರಿಸಿದರೆ ಮನಸ್ಸಿಗೆ ಹತ್ತುತ್ತದೆ ಅಂತ ನನಗೊಂದು ಬುದ್ಧಿ ಹೊಳೆಯಿತು. ಒಂದು ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಅರಿಶಿನದ ಕೊಂಬು, ನಿಂಬೆಹಣ್ಣು, ಸೀಬೆಹಣ್ಣು, ಬಾಳೆಹಣ್ಣು, ಒಂದು ಕಟ್ಟು ದಂಟಿನ ಸೊಪ್ಪು ಎಲ್ಲ ಜೋಡಿಸಿದೆ. ನಮ್ಮ ಕಾಂಪೌಂಡರು ಸ್ವಲ್ಪ ರಸಿಕ. "ಬೋಳುಬೋಳಾಗಿ ಕಾಣ್ತದೆ ಮೇಡಮ್" ಅಂತ ಒಂದು ಮೊಳ ಸೇವಂತಿಗೆಯನ್ನು ತಟ್ಟೆಯ ಸುತ್ತ ಇಟ್ಟ.

ದುದ್ದದ ಕಡೆ ಒಂದು ಹಳ್ಳಿಗೆ ಹೊರಟೆವು. ನಾನು, ಕಾಂಪೌಂಡರು, ಜೀಪಿನ ಡ್ರೈವರು. ಡ್ರೈವರಿಗೆ ಅವತ್ತು ಸಾಯಂಕಾಲ ಯಾರದೋ ನಾಮಕರಣ, ಹಾಗಾಗಿ ಇಸ್ತ್ರಿ ಮಾಡಿದ ಶರಟು, ತಲೆಗೆ ಕೊಬ್ಬರಿ ಎಣ್ಣೆ. ಊರಿನ ಮೊದಲ ಮನೆಯ ಮುಂದೆ ಜೀಪು ನಿಲ್ಲಿಸಿ, ತಟ್ಟೆ ಹಿಡಿದುಕೊಂಡು ಇಳಿದು, "ಶಾಲೆ ಎಲ್ಲಿದೆ?" ಅಂತ ಕೇಳೋಣ ಅಂತ ಜಗಲಿ ಹತ್ತಿದೆ. ಮನೆಯ ಯಜಮಾನರು ತಟ್ಟೆ ನೋಡಿದರು, ಜೀಪು ನೋಡಿದರು, ಡ್ರೈವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಗಲ ಮೇಲಿನ ಟವೆಲು ಕೊಡವಿ, "ಬನ್ನಿ ಬನ್ನಿ, ಕಾಲು ತೊಳ್ಕಳಿ" ಅಂದರು.

ಒಳಗಿನಿಂದ ಬಳೆ ಸದ್ದು, ಒಗ್ಗರಣೆ ಘಮ. ಆರೋಗ್ಯದ ವಿಷಯಕ್ಕೆ ಈ ಊರಿನಲ್ಲಿ ಎಷ್ಟು ಮರ್ಯಾದೆ ಅಂತ ನನಗೆ ಹೃದಯ ತುಂಬಿ ಬಂತು. ಉಪ್ಪಿಟ್ಟು ಬಂತು. ಡ್ರೈವರು ತಲೆ ಎತ್ತದೆ ತಿಂದ. ನಾನು ಶುರು ಮಾಡಿದೆ, "ನೋಡಿ ಯಜಮಾನರೇ, ನಾವು ಬಂದಿರೋದು ಒಂದು ಒಳ್ಳೇ ವಿಷಯಕ್ಕೆ."

"ನೋಡಿದ್ ತಕ್ಸಣ ಗೊತ್ತಾಯ್ತು ಕಣವ್ವ. ನಮ್ಮುಡ್ಗಿ ಪಿಯುಸಿ ಮುಗ್ಸವ್ಳೆ."

"ತುಂಬಾ ಸಂತೋಷ. ಓದಿದವರಿಗೆ ಬೇಗ ಅರ್ಥವಾಗುತ್ತದೆ. ಇವತ್ತಿಂದಲೇ ಶುರು ಮಾಡಿದರೆ ಒಳ್ಳೆಯದು."

"ಇವತ್ತೇನಾ?" ಯಜಮಾನರು ಗಾಬರಿಯಾದರು. "ಒಂದ್ ಗಳಿಗೆ ನೋಡಬ್ಯಾಡವಾ?"

"ಇದಕ್ಕೆಲ್ಲ ಗಳಿಗೆ ಯಾಕೆ? ಮನೆಯವರೆಲ್ಲ ಸೇರಿ ದಿನಾ ಮಾಡೋದು ತಾನೇ."

ಯಜಮಾನರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಜರಿ ಲಂಗದ ಹುಡುಗಿಯೊಬ್ಬಳು ಕಾಫಿ ತಂದು, ತಲೆ ತಗ್ಗಿಸಿಕೊಂಡು ನೇರ ಡ್ರೈವರಿನ ಮುಂದೆ ನಿಂತಳು. ಆಗ ನನಗೆ ಹೊಳೆಯಿತು ನೋಡಿ. ಅರಿಶಿನ, ಹಣ್ಣು, ಹೂವು ತುಂಬಿದ ತಟ್ಟೆ, ಜೊತೆಗೆ ಇಸ್ತ್ರಿ ಶರಟಿನ ಗಂಡು! ಹೆಣ್ಣು ಕೇಳೋಕೆ ಬರೋರು ಇನ್ನು ಹೇಗೆ ಬರುತ್ತಾರೆ? ನಾಚಿಕೆಯಿಂದ ಬೆವೆತು, "ಅಯ್ಯೋ ಯಜಮಾನರೇ, ನಾವು ಬಂದಿರೋದು ಕ್ಯಾನ್ಸರ್ ಬಾರದ ಹಾಗೆ ಸೊಪ್ಪು ತಿನ್ನಿ ಅಂತ ಹೇಳೋಕೆ!" ಅಂದೆ.

ಅವರು ಡ್ರೈವರಿನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಲು ಸನ್ನೆ ಮಾಡಿ, ನನ್ನ ಕಡೆ ಬಗ್ಗಿ ಕೇಳಿದರು. "ಓಗ್ಲಿ ಬುಡವ್ವ, ಸೊಪ್ಪಿನ ಇಸ್ಯ ಆಮ್ಯಾಕೆ ಯೋಳೀರಂತೆ. ಈ ಡ್ರೈವರಪ್ಪಂಗೆ ಮದ್ವೆ ಆಗಿದ್ದದಾ?"

೨. ಮದ್ದೂರಿನ ಬೋರ್ಡು

ಮದ್ದೂರಿನಲ್ಲಿ ಒಂದು ಸಭೆಯಲ್ಲಿ ಮಾತಾಡಿದ್ದೆ. ಮತ್ತೆ ಮತ್ತೆ ಕಾಯಿಸಿ ಕಪ್ಪಗಾದ ಎಣ್ಣೆ ಒಳ್ಳೆಯದಲ್ಲ, ಕರಿದ ತಿಂಡಿ ಹಿಡಿತದಲ್ಲಿರಲಿ, ಸೊಪ್ಪು ತರಕಾರಿ ಹೆಚ್ಚು ಬಳಸಿ ಅಂತ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೋಟೆಲಿನವರು ಎಲ್ಲವನ್ನೂ ಕಿವಿಗೆ ತುಂಬಿಕೊಂಡರು. ಬಹಳ ಸಾತ್ವಿಕ ಮನುಷ್ಯ. ಹೋದವರೇ ಹಳೇ ಎಣ್ಣೆಯನ್ನೆಲ್ಲ ಚೆಲ್ಲಿಸಿ, ದಿನಾ ಹೊಸ ಎಣ್ಣೆ ಇಡಿಸಿ, ವಡೆಗೆ ಸಬ್ಬಸಿಗೆ ಸೊಪ್ಪು, ಕರಿಬೇವು ಧಾರಾಳವಾಗಿ ಹಾಕಿಸಲು ಶುರು ಮಾಡಿದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾಡಿದ ಒಳ್ಳೆಯ ಕೆಲಸ ನಾಲ್ಕು ಜನಕ್ಕೆ ತಿಳಿಯಬೇಡವೇ? ಬೋರ್ಡು ಬರೆಯೋನನ್ನು ಕರೆಸಿ, ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದರು: "ಇಲ್ಲಿ ಕ್ಯಾನ್ಸರ್ ಇಲ್ಲದ ವಡೆ ಸಿಗುತ್ತದೆ."

ನಾನು ಮುಂದಿನ ಸಲ ಮದ್ದೂರಿಗೆ ಹೋದಾಗ ಅವರು ಬಸ್ ಸ್ಟ್ಯಾಂಡಿನಲ್ಲೇ ನನ್ನನ್ನು ಹಿಡಿದರು. ಕಣ್ಣಲ್ಲಿ ನೀರೊಂದು ಬಾಕಿ. "ಏನಮ್ಮಾ ಇಂಗ್ ಮಾಡ್ಬುಟ್ರಿ! ನಿಮ್ಮ ಮಾತು ಕೇಳಿ ನನ್ನ ಹೋಟ್ಲು ಮಠ ಆಗೋಯ್ತು."

ನಡೆದದ್ದಿಷ್ಟು. ಬೋರ್ಡು ಏರಿದ ಬೆಳಿಗ್ಗೆ ದಿನಾ ಬರುವ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಓದಿದರಂತೆ. ಇನ್ನೊಮ್ಮೆ ಓದಿದರಂತೆ. ಆಮೇಲೆ ಒಳಗೆ ಬಂದು, "ಅಂಗಾರೆ ಇಷ್ಟ್ ವರ್ಸ ನಂಗೆ ತಿನ್ನಿಸ್ದ ವಡೇಲಿ ಏನಿತ್ಲಾ?" ಅಂತ ಗುಡುಗಿದರಂತೆ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ. ಬಾಗಿಲ ಮುಂದೆ ಹೋಗುವವರು ಕೂಡ ಮೂಗಿಗೆ ಟವೆಲು ಅಡ್ಡ ಹಿಡಿದುಕೊಂಡು ಹೋಗುತ್ತಿದ್ದರಂತೆ.

ನಾನು ನಗು ತಡೆದುಕೊಂಡು, "ಮೊದಲು ಆ ಬೋರ್ಡು ಇಳಿಸಿ. ನಿಮ್ಮ ವಡೆ ಚೆನ್ನಾಗಿದೆ, ಜನ ತಾವಾಗಿ ಬರುತ್ತಾರೆ" ಅಂತ ಸಮಾಧಾನ ಹೇಳಿದೆ. ಅವರ ಜೊತೆಗೇ ಹೋಟೆಲಿಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಮೇಜಿನಲ್ಲಿ ಕೂತು ವಡೆ ತಿಂದೆ. ಎಂಥ ರುಚಿ ಅಂತೀರಿ! ಆದರೆ ಒಳಗೆ ನಾನೊಬ್ಬಳೇ. ಇಡೀ ಮದ್ದೂರು ಎದುರುಗಡೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ತುಂಬಿತ್ತು. ಅವರೂ ಒಂದು ಹೊಸ ಬೋರ್ಡು ಹಾಕಿದ್ದರು: "ನಮ್ಮಲ್ಲಿ ಬರೀ ವಡೆ ಸಿಗುತ್ತದೆ."

೩. ಅತ್ತೆಯ ಸಂಚಿ

ಇನ್ನು ನಮ್ಮ ಮನೆಯ ಕಥೆ. ನಮ್ಮವರು ಹೈಸ್ಕೂಲ್ ಮೇಷ್ಟ್ರು. ಮಾವನವರು ತೀರಿಕೊಂಡ ಮೇಲೆ ಅತ್ತೆ ಮಂಡ್ಯದ ನಮ್ಮ ಮನೆಗೆ ಬಂದರು. ಬರುವಾಗ ಜೊತೆಗೆ ತಮ್ಮ ಎಮ್ಮೆ, ಅಡಿಕೆ ಕುಟ್ಟುವ ಕುಟ್ಟಾಣಿ, ಎಲೆಅಡಿಕೆ ಇಡುವ ಬಟ್ಟೆಯ ಸಂಚಿ ತಂದರು. ಈ ಮೂರನ್ನು ಬಿಟ್ಟು ಅವರಿಗೆ ಬೇರೆ ಆಸ್ತಿಯ ಮೇಲೆ ಆಸೆಯಿರಲಿಲ್ಲ.

ಬಾಯಿ ಒರಟು, ಮನಸ್ಸು ಬೆಣ್ಣೆ. ಮನೆ ಸೊಸೆ ಜೀಪು ಹತ್ತಿ ಊರೂರು ತಿರುಗೋದೇ ಅಂತ ನೆಂಟರೆಲ್ಲ ಮೂಗು ಮುರಿದಾಗ, "ನನ್ ಸೊಸೆ ಓಯ್ತಾಳೆ, ನಿಮ್ಮ ಮನೆ ಸೊಸೆ ಅಲ್ವಲ್ಲ, ಮುಚ್ಕಂಡಿರಿ" ಅಂದವರು ಅವರೇ. ಅಂಥ ಅತ್ತೆಯ ನಾಲಗೆಯ ಮೇಲೆ ಹುಣ್ಣು ಕಂಡಾಗ ನಾನು ಊರೂರಲ್ಲಿ ತೋರಿಸುವ ಚಿತ್ರಗಳು ಕಣ್ಣ ಮುಂದೆ ಬಂದವು.

"ಅತ್ತೆ, ಡಾಕ್ಟರ ಹತ್ತಿರ ಹೋಗೋಣ."

"ಯಾಕೆ?"

"ಹುಣ್ಣು ನೋಡಲಿ."

"ಡಾಕ್ಟ್ರು ನೋಡಿದ್ರೆ ಏನಾದ್ರೂ ಒಂದ್ ಯೋಳ್ತಾನೆ. ನೋಡ್ದಿದ್ರೆ ಏನೂ ಯೋಳಾಕಿಲ್ಲ."

ನಾನೂ ಹಟಕ್ಕೆ ಬಿದ್ದು ದಿನಾ ಬಸ್ಸಾರು, ಮಸ್ಸೊಪ್ಪು, ನುಗ್ಗೆಸೊಪ್ಪಿನ ಪಲ್ಯ ಬಡಿಸಿದೆ. ಅತ್ತೆ ಒಂದು ಎಳೆಯನ್ನೂ ಬಿಡದೆ, ಖುಷಿಯಾಗಿ ಮುದ್ದೆ ಮುರಿದು ಉಣ್ಣೋರು. ಕೈ ತೊಳೆದು ಬಂದವರೇ ಸಂಚಿ ಬಿಚ್ಚೋರು. ನಾನು ಮುಖ ನೋಡಿದರೆ, "ನೀನೇ ಅಲ್ವಾ ಸೊಪ್ಪು ತಿನ್ನು ಅಂದೋಳು? ಇದೂ ಸೊಪ್ಪೇಯ" ಅನ್ನೋರು. ಈ ಹಳಸಲು ಮಾತನ್ನು ನನಗೆ ಪ್ರತಿ ಹಳ್ಳಿಯಲ್ಲೂ ಯಾರಾದರೂ ಒಬ್ಬರು ಹೇಳಿಯೇ ಕಳಿಸುತ್ತಿದ್ದರು. ಮನೆಯಲ್ಲೂ ತಪ್ಪಲಿಲ್ಲ.

ಒಂದು ದಿನ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ನನ್ನ ಕೈ ಹಿಡಿದು, "ನಿಮ್ಮತ್ತೆಯಿಂದ ಉದ್ಧಾರ ಆದೆ ಕಣ್ರೀ. ಹೊಗೆಸೊಪ್ಪು ಬಿಟ್ಟೇಬಿಟ್ಟೆ" ಅಂದರು. ನನಗೆ ನಂಬಿಕೆಯಾಗಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಅತ್ತೆ ಬೀದಿಯ ಹೆಂಗಸರನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು, ನನ್ನ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದರಂತೆ. ಯಾವುದರಲ್ಲಿ ಏನು ಸತ್ವ, ಯಾವುದರಿಂದ ಏನು ಕೇಡು, ಎಲ್ಲ. ಹೇಳುವಾಗ ದವಡೆಯಲ್ಲಿ ಹೊಗೆಸೊಪ್ಪು!

ಒಳಗೆ ಬಂದು ಸಿಟ್ಟಿನಿಂದಲೇ ಕೇಳಿದೆ. "ಊರಿಗೆಲ್ಲ ಬಿಡಿ ಅಂತೀರ, ನೀವು ಯಾಕೆ ಬಿಡಲ್ಲ ಅತ್ತೆ?"

ಅವರು ಕುಟ್ಟಾಣಿ ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಪಾಠ ಯೋಳೋರು ಪಾಸಾಗ್ಬೇಕು ಅಂತ ಎಲ್ಲಾದ್ರೂ ಅದಾ?"

೪. ಕಬ್ಬಿನ ಗದ್ದೆಯೊಳಗಿನ ದನಿ

ಮಳವಳ್ಳಿ ಹತ್ತಿರ ಒಂದು ಹಳ್ಳಿಯಲ್ಲಿ ಬಾಯಿ ತಪಾಸಣೆಯ ಶಿಬಿರ ನಿಗದಿಯಾಯಿತು. ಅದು ಅತ್ತೆಯ ತವರೂರು. "ತಮ್ಮನ ಮನೆ ನೋಡ್ಕೊಂಡು ಬತ್ತೀನಿ" ಅಂತ ಅವರೂ ಜೀಪು ಹತ್ತಿದರು. ಅಲ್ಲಿ ಡಾಕ್ಟರು ಇರುತ್ತಾರೆ, ಹೇಗಾದರೂ ಮಾಡಿ ತೋರಿಸಿಬಿಡೋಣ ಅಂತ ನಾನು ಒಳಗೊಳಗೇ ಲೆಕ್ಕ ಹಾಕಿದೆ.

ಜೀಪು ಊರ ಮುಂದೆ ನಿಂತಿತು. ನೋಡಿದರೆ ಊರಿನಲ್ಲಿ ಒಬ್ಬ ಗಂಡಸಿಲ್ಲ! ಆಗ ಎಲ್ಲೆಲ್ಲೂ ಸಂತಾನ ತಡೆಯುವ ಆಪರೇಷನ್ನಿನ ಭಯ. ಆಸ್ಪತ್ರೆ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಪಂಚೆ ಎತ್ತಿ ಕಟ್ಟಿ ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದರು. ಅವತ್ತೂ ಹಾಗೇ ಆಗಿತ್ತು. ಊರಿನ ಹೆಂಗಸರು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಡಾಕ್ಟರು ಟಾರ್ಚು ಹಿಡಿದುಕೊಂಡು ಸುಮ್ಮನೆ ಕೂತರು.

ಅತ್ತೆಗೆ ಅವಮಾನವಾಯಿತು. ತವರೂರಿನಲ್ಲಿ ಸೊಸೆಯ ಮುಂದೆ ಹೀಗಾದರೆ? ಸೀರೆ ಎತ್ತಿ ಸಿಕ್ಕಿಸಿಕೊಂಡು ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರು. "ಈಚೆ ಬರ್ರಲಾ! ನನ್ ಸೊಸೆ ಬಂದವ್ಳೆ. ಬರೀ ಬಾಯಿ ನೋಡ್ತಾರೆ ಕಣ್ರಲಾ, ಬ್ಯಾರೆ ಏನೂ ಮುಟ್ಟಾಕಿಲ್ಲ!"

ಕಬ್ಬು ಅಲುಗಲಿಲ್ಲ. ಒಂದು ಗಳಿಗೆಯಾದ ಮೇಲೆ ಒಳಗಿನಿಂದ ಒಂದು ದನಿ ಬಂತು. "ನಿಜ ಆದ್ರೆ ಮೊದ್ಲು ನಿನ್ ಬಾಯಿ ತೋರ್ಸಕ್ಕ! ಆಮ್ಯಾಕೆ ನಾವ್ ಬತ್ತೀವಿ!"

ಅದು ಅವರ ತಮ್ಮನದೇ ದನಿ. ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಗದ್ದೆಯನ್ನು ನೋಡಿದರು. ತವರಿನವರ ಮುಂದೆ ಹೆದರಿದಳು ಅನ್ನಿಸಿಕೊಳ್ಳುವ ಹೆಂಗಸಲ್ಲ ಅವರು. ಗಟ್ಟಿಯಾಗಿ ನಡೆದು ಬಂದು, ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಕೂತು, ಬಾಯಿ ತೆಗೆದರು. ನಾನು ಕಾಲು ಹಿಡಿದರೂ ತೆರೆಯದ ಬಾಯಿ ಅದು.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಮುಖದಲ್ಲಿದ್ದ ನಗು ಹೋಯಿತು. ಬೆರಳಿಂದ ಒತ್ತಿ ನೋಡಿದರು, ಎಷ್ಟು ದಿನದಿಂದ ಇದೆ ಅಂತ ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ತಡ ಮಾಡಬೇಡಿ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಿ" ಅಂದರು. ನನಗೆ ಅಳು ಬಂತು. ಆದರೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಕಬ್ಬಿನ ಗದ್ದೆಯಿಂದ ಗಂಡಸರು ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದ್ದರು.

ಎಲ್ಲರಿಗಿಂತ ಕೊನೆಯಲ್ಲಿ ಬಂದವರು ಅತ್ತೆಯ ತಮ್ಮ. ಸ್ಟೂಲಿನ ಮೇಲೆ ಕೂತು, ಎರಡೂ ಕೈಯಿಂದ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡು, ಬಾಯಿ ತೆಗೆಯುವ ಮೊದಲು ಡಾಕ್ಟರನ್ನು ಕೇಳಿದರು. "ಸ್ವಾಮಿ, ಸತ್ಯ ಮಾಡಿ ಯೋಳಿ. ಬಾಯಿ ಮಾತ್ರ ತಾನೇ?"

೫. ಎಮ್ಮೆಯ ಪಥ್ಯ

ಮೈಸೂರಿನಲ್ಲಿ ಚೂರು ತೆಗೆದರು. ಫಲಿತಾಂಶಕ್ಕೆ ಕಾಯಿರಿ ಅಂದರು. ಕಾಯುವುದು ಅಂದರೆ ಏನು ಅಂತ ಆ ದಿನಗಳಲ್ಲಿ ನನಗೆ ಗೊತ್ತಾಯಿತು. ನಮ್ಮವರು ಊಟಕ್ಕೆ ಕೂತರೆ ಅನ್ನ ಕಲಸಿಕೊಂಡು ಗೋಡೆ ನೋಡುತ್ತಿದ್ದರು.

ಬೀದಿಗೆಲ್ಲ ಸುದ್ದಿ ಹಬ್ಬಿತು. ಒಬ್ಬರೂ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. "ಅದು ಅಲ್ಲ ತಾನೇ?" "ಅದೇ ಇದ್ದರೂ ಇರಬಹುದು." ಅತ್ತೆಗೆ ರೇಗಿತು. "ಅದು ಅದು ಅಂತೀರಲ್ಲ, ಗಂಡನ ಎಸ್ರಾ ಅದು ಯೋಳ್ದೆ ಇರಕ್ಕೆ? ಕ್ಯಾನ್ಸರು ಅನ್ನಿ!" ಅಂದರು. ಬಂದವರು ಹೆದರಿ ಅರ್ಧ ಕಾಫಿ ಬಿಟ್ಟು ಎದ್ದು ಹೋದರು.

ಆದರೆ ಬರಿಗೈಯಲ್ಲಿ ಯಾರೂ ಬರುತ್ತಿರಲಿಲ್ಲ. ಒಬ್ಬರು ಬೇವಿನ ಚಿಗುರು, ಒಬ್ಬರು ಹಾಗಲಕಾಯಿ, ಇನ್ನೊಬ್ಬರು ಅಮೃತಬಳ್ಳಿ. ಊರಿಗೆಲ್ಲ ನಾನೇ ತಿನ್ನಿ ತಿನ್ನಿ ಅಂತ ಹೇಳಿದ್ದು ಈಗ ನಮ್ಮ ಮನೆ ಬಾಗಿಲಿಗೇ ಬಂದು ಬೀಳುತ್ತಿತ್ತು. ಅತ್ತೆ ಎಲ್ಲವನ್ನೂ ಮರ್ಯಾದೆಯಿಂದ ಇಸಿದುಕೊಳ್ಳೋರು.

ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದಾಗ ಮೆಲ್ಲಗೆ ಕೇಳಿದರು. "ನಿಜ ಯೋಳು ಕಣಮ್ಮಿ. ಸೊಪ್ಪು ಸದೆ ತಿಂದ್ರೆ ಇದು ಓಯ್ತದಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಅತ್ತೆ. ಅದು ಬಾರದ ಹಾಗೆ ಕಾಯೋಕೆ ಸಹಾಯ ಮಾಡುತ್ತದೆ, ಅಷ್ಟೇ. ಬಂದ ಮೇಲೆ ಡಾಕ್ಟರೇ ಬೇಕು."

"ಅಂಗಾರೆ ಬೇಲಿ ಇದ್ದಂಗೆ ಅನ್ನು."

"ಹೂಂ. ಬೇಲಿ ಇದ್ದ ಹಾಗೆ."

"ನಾನು ಒಂದ್ ಕಡೆಯಿಂದ ಬೇಲಿ ಆಕ್ಕೊಂಡು, ಇನ್ನೊಂದ್ ಕಡೆಯಿಂದ ಒಗೇಸೊಪ್ಪಿನ ಕೈಲಿ ಕಿತ್ತಾಕಿಸ್ತಿದ್ನಲ್ಲ" ಅಂದರು. ನನಗೆ ತಡೆಯಲಾಗಲಿಲ್ಲ, ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ನನ್ನ ತಲೆ ಸವರುತ್ತಾ, "ಥೂ, ಆಸ್ಪತ್ರೆ ಮೇಡಮ್ಮು ಇಂಗ್ ಅಳ್ತಾರಾ" ಅಂದರು.

ಅಷ್ಟರಲ್ಲಿ ನಮ್ಮವರು ಕಾಫಿ ಲೋಟ ಹಿಡಿದುಕೊಂಡು ಒಳಗೆ ಬಂದರು. ಮುಖ ಹುಳ್ಳಗೆ. "ಏನಿದು ಕಾಫಿ, ವಿಷ ಇದ್ದ ಹಾಗಿದೆ! ಮೂರ್ನಾಲ್ಕು ದಿನದಿಂದ ನೋಡ್ತಿದ್ದೀನಿ." ನಾನು ಒಂದು ಗುಟುಕು ಕುಡಿದೆ. ಕಹಿ ಕಹಿ! ಪುಡಿ ನೋಡಿದೆ, ಸರಿಯಿತ್ತು. ಸಕ್ಕರೆ ಸರಿಯಿತ್ತು. ಹಾಲು ಬಾಯಿಗೆ ಬಿಟ್ಟುಕೊಂಡೆ, ಅದೇ ಕಹಿ. ಓಡಿ ಕೊಟ್ಟಿಗೆಗೆ ಹೋಗಿ ನೋಡಿದರೆ, ಮೇವಿನ ಗೊಂತಿನ ತುಂಬ ಬೇವಿನ ಸೊಪ್ಪು, ಹಾಗಲಕಾಯಿ, ಅಮೃತಬಳ್ಳಿ. ಎಮ್ಮೆ ಕಣ್ಣು ಮುಚ್ಚಿಕೊಂಡು ಮೆಲ್ಲುತ್ತಿತ್ತು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ಚೂರೂ ನಾಚಿಕೊಳ್ಳಲಿಲ್ಲ. "ನಂಗೆಂಗಾರ ಆಗ್ಲಿ ಬುಡು. ಎಮ್ಮೆಗಂತೂ ಇನ್ನ ಆ ಕಾಯ್ಲೆ ಬರಾಕಿಲ್ಲ."

೬. ಬಸ್ಸಿನಲ್ಲಿ ಹರಕೆ

ಫಲಿತಾಂಶದ ದಿನ ಮೂವರೂ ಮೈಸೂರಿಗೆ ಹೋದೆವು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಾಗ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು.

ಡಾಕ್ಟರು ಒಳಗೆ ಕರೆದು, ಕೂರಿಸುವ ಮೊದಲೇ ಹೇಳಿಬಿಟ್ಟರು, ಪುಣ್ಯಾತ್ಮರು. "ಕ್ಯಾನ್ಸರ್ ಅಲ್ಲ ತಾಯಿ. ಒಳಗೆ ಒಂದು ಹಲ್ಲು ಮುರಿದು ಚೂಪಾಗಿದೆ. ಅದು ಉಜ್ಜಿ ಉಜ್ಜಿ ಆಗಿರೋ ಹುಣ್ಣು. ಹಲ್ಲು ಕೀಳಿಸಿ, ಮಾಯುತ್ತದೆ." ಆಮೇಲೆ ಬೆರಳೆತ್ತಿ ಸೇರಿಸಿದರು. "ಆದರೆ ಹೊಗೆಸೊಪ್ಪು ಬಿಡದಿದ್ದರೆ, ಮುಂದಿನ ಸಲ ನಾನು ಇದೇ ಮಾತು ಹೇಳ್ತೀನಿ ಅಂತ ನಂಬಿಕೊಂಡು ಬರಬೇಡಿ."

ಅಬ್ಬಾ! ಎದೆಯ ಮೇಲಿನ ಕಲ್ಲು ಅಲ್ಲೇ, ಆ ಡಾಕ್ಟರ ಮೇಜಿನ ಮುಂದೆಯೇ ಉರುಳಿತು. ನಾನು ನಗುತ್ತಾ ಅತ್ತುಬಿಟ್ಟೆ, ಅಳುತ್ತಾ ನಕ್ಕುಬಿಟ್ಟೆ. ನಮ್ಮವರು ಗೋಡೆಯ ಕಡೆ ತಿರುಗಿ, "ಕಣ್ಣಿಗೆ ಏನೋ ಬಿತ್ತು" ಅಂತ ಬಹಳ ಹೊತ್ತು ಉಜ್ಜಿಕೊಂಡರು. ಅವತ್ತೇ ಹಲ್ಲನ್ನೂ ಕೀಳಿಸಿದೆವು.

ಮಂಡ್ಯದ ಬಸ್ಸು ಹತ್ತಿದೆವು. ಅತ್ತೆಯ ಬಾಯಲ್ಲಿ ಹತ್ತಿ. ನಾನು ಕಂಡ ಹಾಗೆ ಅವರು ಮಾತಾಡದೆ ಮಾಡಿದ ಪ್ರಯಾಣ ಅದೊಂದೇ. ಆದರೆ ಶ್ರೀರಂಗಪಟ್ಟಣ ದಾಟಿದ್ದೇ ತಡ, ಹತ್ತಿ ತೆಗೆದು ಕಿಟಕಿಯಿಂದ ಎಸೆದು, ಊದಿದ ಕೆನ್ನೆ ಹಿಡಿದುಕೊಂಡು ಹೇಳಿದರು. "ಮನೆಗೋದ್ ತಕ್ಸಣ ಅರಕೆ ತೀರಿಸ್ಬೇಕು. ನಮ್ಮೂರ ಮಾರವ್ವಂಗೆ ಒತ್ಕೊಂಡಿದ್ದೆ."

ನಮ್ಮ ಕಡೆ ಒಂದು ಪದ್ಧತಿ. ಹರಕೆ ಹೊರುವವರು ಹಿರಿಯರು, ತೀರಿಸುವವರು ಮನೆಯಲ್ಲಿ ಯಾರಾದರೂ ಆಗಬಹುದು. ಅಜ್ಜಿ ಹೊತ್ತರೆ ಮೊಮ್ಮಗನ ತಲೆ ಬೋಳಾಗುತ್ತದೆ. ಯಾರೂ ಯಾರನ್ನೂ ಕೇಳುವುದಿಲ್ಲ, ಯಾರೂ ಮೀರುವುದೂ ಇಲ್ಲ. ಮೀರಿದರೆ ಹೊತ್ತವರ ಮೇಲೆ ದೇವರ ಸಿಟ್ಟು. ಹಾಗಾಗಿ ನಾನು ಹೆದರಿಕೊಂಡೇ ಕೇಳಿದೆ. "ಏನು ಹರಕೆ ಅತ್ತೆ?"

"ನಂಗೆ ಆ ಕಾಯ್ಲೆ ಇಲ್ದಂಗ್ ಮಾಡವ್ವ, ನನ್ ಮಗ ಸಿಗರೇಟು ಬುಡ್ತಾನೆ ಅಂತ."

ನಮ್ಮವರು ಸೀಟಿನಿಂದ ಅರ್ಧ ಎದ್ದರು. ಶಾಲೆಯ ಹುಡುಗರ ಜೇಬಲ್ಲಿ ಬೀಡಿ ಸಿಕ್ಕರೆ ಬೆತ್ತ ಹಿಡಿಯುವ ಮೇಷ್ಟ್ರು! ತಾವು ಸೇದುವುದು ಅವ್ವನಿಗೆ ಗೊತ್ತೇ ಇಲ್ಲ ಅಂತ ನಂಬಿಕೊಂಡಿದ್ದರು. ನಾನು ಎಷ್ಟು ಬೇಡಿಕೊಂಡಿದ್ದರೂ ಬಿಟ್ಟಿರಲಿಲ್ಲ.

"ಯಾರವ್ವ ಸಿಗರೇಟು ಸೇದೋದು?" ಅಂದರು.

"ದಿನಾ ಕೊಟ್ಟಿಗೆ ಇಂದ್ಗಡೆಯಿಂದ ಒಗೆ ಬತ್ತದಲ್ಲ, ಎಮ್ಮೆ ಸೇದ್ತದಾ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದಿನ ಸೀಟಿನವರು ಮುಂದೆ ಬಗ್ಗಿದರು. ನಮ್ಮವರು ಬೆವರುತ್ತಾ, "ನಿನ್ನ ಬಾಯಿ ವಾಸಿಯಾಗೋಕೆ ನನ್ನ ಸಿಗರೇಟು ಯಾಕವ್ವ? ಒಂದು ಮಾತು ಕೇಳಬಾರದಾ ನನ್ನ?" ಅಂದರು.

"ನಿಂಗೆ ಮುಡಿ ತೆಗಿಸ್ದಾಗ ಕೇಳಿದ್ನಾ?"

ಬಸ್ಸೆಲ್ಲ ಅತ್ತೆಯ ಪಕ್ಷ. "ಅರಕೆ ಮೀರ್ಬಾರ್ದು ಮೇಷ್ಟ್ರೇ." "ಎತ್ತವ್ವನ ಜೀವ ಉಳಿದದೆ, ಒಂದ್ ಸಿಗರೇಟು ದೊಡ್ದಾ?" ಅಂತ ಎಲ್ಲ ಕಡೆಯಿಂದಲೂ ಬುದ್ಧಿಮಾತು. ಕೊನೆಗೆ ನಮ್ಮವರು ಜೇಬಿನಿಂದ ಪ್ಯಾಕು ತೆಗೆದು ಹೊರಗೆ ಎಸೆದೇ ಬಿಟ್ಟರು. ಬಸ್ಸಿನವರು ಭಲೇ ಅಂದರು. ಅತ್ತೆ ಗೆದ್ದ ಖುಷಿಯಲ್ಲಿ ಸಂಚಿ ಬಿಚ್ಚಿ, ಅಭ್ಯಾಸ ಬಲದಿಂದ ಎಲೆಗೆ ಸುಣ್ಣ ಹಚ್ಚಲು ಶುರು ಮಾಡಿದರು. ಡಾಕ್ಟರ ಮಾತು ಇಷ್ಟು ಬೇಗ ಮರೆತುಹೋಯಿತೇ!

ಅದನ್ನು ನೋಡಿ ನಮ್ಮವರು ಎದ್ದು ನಿಂತರು. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಇನ್ನೊಂದನ್ನು ಹಣೆಗೆ ಮುಟ್ಟಿಸಿ, ಕ್ಲಾಸಿನ ಕೊನೇ ಬೆಂಚಿಗೆ ಕೇಳುವ ದನಿಯಲ್ಲಿ ಹೇಳಿದರು. "ತಾಯಿ ಮಾರವ್ವ, ಈ ಬಸ್ಸೇ ಸಾಕ್ಷಿ! ಇಷ್ಟು ವರ್ಷ ಸಿಗರೇಟು ಸೇದಿದೀನಿ. ನನ್ನ ಎದೆಗೆ ಏನೂ ಆಗದ ಹಾಗೆ ಕಾಪಾಡು. ಅದಕ್ಕೆ ಬದಲಾಗಿ ನಮ್ಮವ್ವ ಇವತ್ತಿಂದ ಹೊಗೆಸೊಪ್ಪು ಬಿಡ್ತಾಳೆ!"

ಅತ್ತೆಯ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

"ಲೋ! ನನ್ ಕೇಳ್ದೆ ಒತ್ಕೊಂಡ್ಯಾ?"

"ನೀನು ನನ್ನ ಕೇಳಿದ್ಯಾ?"

ಅತ್ತೆ ಮಗನ ಮುಖ ನೋಡಿದರು. ಇನ್ನು ಅವರು ಒಂದು ಎಸಳು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡರೂ ಕೇಡು ಮಗನಿಗೆ. ತನ್ನ ಬಾಯಿಗೆ ಏನಾದರೂ ಆಗಲಿ ಅಂತ ಹಟ ಮಾಡುತ್ತಿದ್ದ ಹೆಂಗಸು, ಮಗನ ಎದೆಯನ್ನು ಪಣಕ್ಕೆ ಇಡುತ್ತಾರಾ? ಕಣ್ಣು ತುಂಬಿ ಬಂತು. ಸಂಚಿಯೊಳಗೆ ಕೈ ಹಾಕಿ, ಹೊಗೆಸೊಪ್ಪಿನ ಪೊಟ್ಟಣ ತೆಗೆದು, ಯಲಿಯೂರಿನ ಹತ್ತಿರ ರಸ್ತೆಗೆ ಎಸೆದರು. "ಎತ್ತವ್ವಂಗೇ ಅರಕೆ ಕಟ್ಟಿದ್ಯಲ್ಲೋ, ಮುಂಡೇದೇ" ಅಂತ ಬೈದು, ಮಗನ ಬೆನ್ನಿಗೊಂದು ಗುದ್ದಿ, ಆಮೇಲೆ ಅದೇ ಬೆನ್ನನ್ನು ಸವರಿದರು. ಇಬ್ಬರೂ ಮತ್ತೆ ಮುಟ್ಟಲಿಲ್ಲ. ನಾನು ಮಾತಿನಲ್ಲಿ ಮಾಡಲಾಗದ್ದನ್ನು ತಾಯಿ ಮಗ ಒಬ್ಬರ ತಲೆಯ ಮೇಲೆ ಒಬ್ಬರು ಹರಕೆ ಹೊತ್ತು ಮಾಡಿಕೊಂಡರು.

ಬಸ್ಸಿನಲ್ಲಿ ನಗುವೋ ನಗು. ಕಂಡಕ್ಟರು ಮಾತ್ರ ನಗಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಬೀಡಿಯನ್ನು ಮೆಲ್ಲಗೆ ತೆಗೆದು ಜೇಬಿನೊಳಗೆ ಬಚ್ಚಿಟ್ಟುಕೊಂಡು, "ಸದ್ಯ, ಈ ಇಸ್ಯ ನಮ್ಮವ್ವನ ಕಿವಿಗೆ ಬೀಳ್ದೆ ಇದ್ರೆ ಸಾಕಪ್ಪ" ಅಂತ ತನಗೆ ತಾನೇ ಗೊಣಗಿಕೊಂಡ.

ಅತ್ತೆ ಊದಿದ ಕೆನ್ನೆ ಹಿಡಿದುಕೊಂಡು ಮುಂದಕ್ಕೆ ಬಗ್ಗಿ, ಬಲು ಅಕ್ಕರೆಯಿಂದ ಕೇಳಿದರು.

"ನಿಮ್ಮವ್ವ ಯಾವೂರ್ನಲ್ಲವ್ಳೆ ಮಗ?"